ಪುಷ್ಪಮೇರಿಯವರ ಡಿಕಾಂಟ್ರು

ಅಜ್ಜಿಕತೆ ಕೇಳಿ ಬೆಳೆದವರಲ್ಲಿ ಎರಡು ಬಗೆ. ಕತೆ ಮುಗಿದ ಕೂಡಲೇ ಎದ್ದು ಹೋಗಿ ಊಟ ಮಾಡುವವರು ಒಂದು ಬಗೆ. ಊಟಕ್ಕೆ ಕೂತಮೇಲೂ, ರಾಕ್ಷಸನ ಪ್ರಾಣ ಇಟ್ಟುಕೊಂಡಿದ್ದ ಆ ಗಿಣಿಗೆ ಈಗ ಕಾಳು ಹಾಕುವವರು ಯಾರು ಎಂದು ಯೋಚಿಸುತ್ತ, ಸಾರಿನ ಬದಲು ಲೋಟದ ನೀರನ್ನೇ ಅನ್ನಕ್ಕೆ ಸುರಿದುಕೊಳ್ಳುವವರು ಇನ್ನೊಂದು ಬಗೆ. ನಜರ್‌ಬಾದಿನ ಲವೀನಾ ಎರಡನೆಯ ಬಗೆಯವಳು. ಇಪ್ಪತ್ತಾರು ತುಂಬಿದ ಮೇಲೂ ಆ ಬಗೆ ಬದಲಾಗಿರಲಿಲ್ಲ. ಮದುವೆ ಕಾರ್ಡು ಟೈಪು ಮಾಡಿ ಕೊಡುವ ಡಿಟಿಪಿ ಅಂಗಡಿಯೊಂದರಲ್ಲಿ ಅವಳಿಗೆ ಕೆಲಸ. ಒಮ್ಮೆ ಮೈಮರೆತು ವರನ ಜಾಗದಲ್ಲಿ ವಧುವಿನ ಸೋದರಮಾವನ ಹೆಸರು ಕೂರಿಸಿ, ಇನ್ನೂರೈವತ್ತು ಕಾರ್ಡು ಅಚ್ಚಾಗಿ ಬಂದಮೇಲೆ, 'ಆದರೂ ಹೆಸರು ಎಷ್ಟು ಚೆನ್ನಾಗಿ ಹೊಂದುತ್ತಿತ್ತು' ಅಂದುಕೊಂಡವಳು ಅವಳು.

ಅಂಥವಳ ಕೈಗೆ ಪುಷ್ಪಮೇರಿಯವರು ತಮ್ಮ ಡಿಕ್ಯಾಂಟರ್ ಕೊಟ್ಟರು. ತಪ್ಪು ಯಾರದು ಎಂಬುದನ್ನು ಓದುವವರೇ ತೀರ್ಮಾನಿಸಬೇಕು.

ಪುಷ್ಪಮೇರಿ ಲವೀನಾಳ ಅಜ್ಜಿ, ತಂದೆಯ ತಾಯಿ. ಅವರ ಬಾಯಲ್ಲಿ ಅದು ಡಿಕಾಂಟ್ರು. ದ್ರಾಕ್ಷಾರಸ ಬಗ್ಗಿಸುವ ಗಾಜಿನ ಹೂಜಿ ಅದು. ಕತ್ತು ಸಣ್ಣ, ಹೊಟ್ಟೆ ದಪ್ಪ, ಕತ್ತಿನ ಸುತ್ತ ಮೂರು ಗಾಜಿನ ಬಳೆ, ತಲೆಗೊಂದು ಗಾಜಿನ ಮುಚ್ಚಳ. ಮೈತುಂಬ ಸಣ್ಣ ಸಣ್ಣ ವಜ್ರಾಕಾರದ ಉಬ್ಬುಗಳು. ಮನೆಯ ಹಿರೀಕರೊಬ್ಬರು ಯಾವುದೋ ದೊರೆಯ ಬಂಗಲೆಯಲ್ಲಿ ಬಟ್ಲರ್ ಆಗಿದ್ದಾಗ, ಊರಿಗೆ ಹೊರಟ ದೊರೆಸಾನಿ ಬಿಟ್ಟುಹೋದದ್ದು ಎಂದು ಪ್ರತೀತಿ. ಅದಕ್ಕೊಂದು ಬಿಳಿಯ ಕ್ರೋಶಾ ಅಂಗಿ. ಹೆಗಲಿನಿಂದ ಇಳಿದು ಹೊಟ್ಟೆ ಮುಚ್ಚಿ, ಕೊನೆಯ ಒಂದು ಸಾಲು ವಜ್ರ ಮಾತ್ರ ಕಾಣುವಂತೆ ಅಜ್ಜಿಯೇ ಹೆಣೆದದ್ದು. ಧೂಳು ಕೂರಬಾರದು ಅಂತ. ವರ್ಷಕ್ಕೊಮ್ಮೆ ಅಡುಗೆಮನೆಯ ಬಾಗಿಲು ಹಾಕಿಕೊಂಡು ಅವರೊಬ್ಬರೇ ಅದನ್ನು ತೊಳೆಯುತ್ತಿದ್ದರು. ಮನೆಯವರು ಅದನ್ನು ಭಕ್ತಿ ಅಂದುಕೊಂಡಿದ್ದರು.

ಆ ಮನೆಯಲ್ಲಿ ಯಾರದೇ ನಿಶ್ಚಿತಾರ್ಥವಾದರೂ ಉಂಗುರಕ್ಕೆ ಮೊದಲು ಆ ಡಿಕ್ಯಾಂಟರಿನಿಂದ ಮನೆಯಲ್ಲೇ ಮಾಡಿದ ವೈನು ಬಗ್ಗಿಸಿ, ಒಂದೇ ಲೋಟದಲ್ಲಿ ಎರಡೂ ಕಡೆಯ ಹಿರಿಯರು ಕುಡಿಯಬೇಕು. ಕುಡಿಯುವ ಮೊದಲು ಡಿಕ್ಯಾಂಟರಿನ ಕತೆ ಕೇಳಬೇಕು. "ಕತೆ ಕೇಳ್ದೆ ಕುಡುದ್ರೆ ಅದು ಬರೀ ವೈನು," ಅನ್ನುತ್ತಿದ್ದರು ಅಜ್ಜಿ. ಇನ್ನೊಂದು ಮಾತೂ ಇತ್ತು: ಬಿರುಕು ಬಿಟ್ಟ ಪಾತ್ರೆಯಿಂದ ಬಗ್ಗಿಸಿ ಮಾತು ಕೊಡಬಾರದು.

ಕತೆ ಹೀಗೆ. ಸಮುದ್ರದಾಚೆಯ ಒಂದೂರಲ್ಲಿ ಒಬ್ಬ ಗಾಜು ಕೆತ್ತುವವನಿದ್ದ. ಅವನು ಪ್ರೀತಿಸಿದ ಹುಡುಗಿಗೆ ಸಾಹುಕಾರನೊಬ್ಬನ ಜೊತೆ ಮದುವೆ ಗೊತ್ತಾಯಿತು. ಆ ಮದುವೆಗೆ ಬೇಕಾದ ಡಿಕ್ಯಾಂಟರನ್ನು ಕೆತ್ತುವ ಕೆಲಸವೂ ಇವನ ಪಾಲಿಗೇ ಬಂತು. ಕಿಟಕಿಯ ಪಕ್ಕ ಕೂತು ಒಂದು ವರ್ಷ ಒಂದೊಂದೇ ವಜ್ರ ಕೆತ್ತಿದ. ಕೊನೆಯ ಸಾಲಿಗೆ ಬರುವಾಗ ಕಣ್ಣೀರು ತಡೆಯದೆ ಗಾಜಿನ ಮೇಲೆ ಬಿತ್ತು. ಬಿದ್ದ ಕಡೆ ವಜ್ರ ಮಸುಕಾಯಿತು. ಇಲ್ಲಿ ಅಜ್ಜಿ ಡಿಕ್ಯಾಂಟರನ್ನು ಎತ್ತಿ, ಅಂಗಿಯ ಅಂಚಿನ ಕೆಳಗೆ ಕಾಣುವ ಎರಡು ಮಸುಕು ವಜ್ರಗಳನ್ನು ಬೆರಳಿಟ್ಟು ತೋರಿಸುತ್ತಿದ್ದರು. ಲವೀನಾ ಏಳನೆಯ ವಯಸ್ಸಿನಿಂದ ಆ ಜಾಗಕ್ಕೆ ಸರಿಯಾಗಿ ಅಳುತ್ತಿದ್ದಳು.

ಈ ಸಲ ನಿಶ್ಚಿತಾರ್ಥ ಲವೀನಾಳ ಅಕ್ಕ ವಿನೀತಾಳದು. ಬುಧವಾರ ಬೆಳಿಗ್ಗೆ ಅಜ್ಜಿ ಲವೀನಾಳನ್ನು ಕರೆದು ತಮ್ಮ ಕೈ ಚಾಚಿದರು. ಬೆರಳಿನ ಗಂಟುಗಳು ಶುಂಠಿಯ ಹಾಗೆ ಊದಿದ್ದವು.

"ಈ ಕೈಲಿ ಇನ್ನು ಆಗಲ್ಲ ಕಣೇ. ಈ ಸಲ ತೊಳ್ಯೋದು ನೀನೇ, ಬಗ್ಸೋದೂ ನೀನೇ, ಕತೆ ಹೇಳೋದೂ ನೀನೇ."

"ನಾನಾ? ಅಕ್ಕ ಅಲ್ವಾ ದೊಡ್ಡೋಳು?"

"ಅವಳ್ಗೆ ಕತೆ ಹೇಳೋಕೆ ಕೊಟ್ರೆ ಎರಡು ನಿಮಿಷದಲ್ಲಿ ಮುಗಿಸಿ ಫೋಟೋ ತೆಗ್ಸಕೆ ನಿಂತ್ಕತಾಳೆ. ನೋಡು, ಇದರ ಜೊತೆ ಕತೆನೂ ನಿನ್ಗೇ. ಭಾನುವಾರ ಚೆನ್ನಾಗಿ ಹೇಳ್ಬುಡು. ಇದಿನ್ನು ನಿನ್ನ ಬೀರುನಲ್ಲಿರ್ಲಿ."

ಲವೀನಾಳಿಗೆ ಕಣ್ಣು ತುಂಬಿ ಬಂತು. ಬಾಲ್ಯದಿಂದ ಅವಳು ಆಸೆಪಟ್ಟದ್ದು ಈ ಒಂದನ್ನೇ: ಅಜ್ಜಿಯ ಕುರ್ಚಿಯಲ್ಲಿ ಕೂತು, ಆ ಕತೆ ಹೇಳಿ, ಒಂದು ಕೋಣೆ ತುಂಬ ಜನರನ್ನು ಅಳಿಸಬೇಕು.

"ತಣ್ಣೀರು ಮಾತ್ರ. ಒಳಗಡೆ ಮಾತ್ರ ತೊಳಿ. ಅಂಗಿ ಬಿಚ್ಚಬೇಡ," ಎಂದರು ಅಜ್ಜಿ.

ಏಳನೆಯ ಕೋಣೆಯ ಬಾಗಿಲು ಮಾತ್ರ ತೆರೆಯಬೇಡ ಎಂದಮೇಲೆ ತೆರೆಯದೆ ಸುಮ್ಮನಿದ್ದ ರಾಜಕುಮಾರಿಯನ್ನು ಲವೀನಾ ಯಾವ ಕತೆಯಲ್ಲೂ ಕಂಡಿರಲಿಲ್ಲ. ಅದರ ಮೇಲೆ ಆ ಹೊತ್ತು ಅವಳ ಮನಸ್ಸು ಇದ್ದದ್ದು ಅಡುಗೆಮನೆಯಲ್ಲಲ್ಲ, ಸಮುದ್ರದಾಚೆಯ ಕಿಟಕಿಯ ಪಕ್ಕ. ಒಳಗಿನ ಕಲೆ ಬಿಡಲೆಂದು ಡಿಕ್ಯಾಂಟರಿನೊಳಗೆ ಒಂದು ಹಿಡಿ ಅಕ್ಕಿ, ಸ್ವಲ್ಪ ವಿನೆಗರ್ ಹಾಕಿದಳು. ಕೆತ್ತುವವನಿಗೆ ಒಂದು ಹೆಸರು ಬೇಕಲ್ಲ ಎಂದು ಯೋಚಿಸುತ್ತ ಕೈಗೆ ಸಿಕ್ಕಿದ ಪಾತ್ರೆಯಿಂದ ನೀರು ಸುರಿದಳು. ಅದು ಅಮ್ಮ ಕಾಫಿಗೆಂದು ಕಾಯಿಸಿಟ್ಟ ನೀರು. ಗಾಜು 'ಟಿಣ್' ಎಂದಿತು. ಎಂದಿತು ಅಂತ ಲವೀನಾಳ ನಂಬಿಕೆ. ಪಕ್ಕದ ಮನೆಯಲ್ಲಿ ಚಮಚ ಬಿದ್ದಿರಲೂಬಹುದು. ಗಾಬರಿಯಿಂದ ಅಂಗಿ ಬಿಚ್ಚಿ ಬೆಳಕಿಗೆ ಹಿಡಿದಳು.

ಹೆಗಲಿನಿಂದ ತಳದವರೆಗೆ ನೆಟ್ಟಗೆ ಒಂದು ಗೆರೆ.

ಎಷ್ಟೋ ತಲೆಮಾರು ಉಳಿದುಬಂದದ್ದನ್ನು ಹತ್ತು ನಿಮಿಷದಲ್ಲಿ ಒಡೆದಿದ್ದಳು. ಭಾನುವಾರ ಅಕ್ಕನ ನಿಶ್ಚಿತಾರ್ಥ, ಬಿರುಕು ಬಿಟ್ಟ ಪಾತ್ರೆ. ಅಜ್ಜಿಗೆ ಹೇಳಿದರೆ ಅವರ ಎದೆ ಒಡೆಯುತ್ತದೆ, ಹೇಳದಿದ್ದರೆ ಅಕ್ಕನ ಮದುವೆ ಮುರಿಯುತ್ತದೆ. ನಡುವೆ ಇನ್ನೊಂದು ದಾರಿ ಇದ್ದೀತು ಎಂದು ಲವೀನಾಳಿಗೆ ಹೊಳೆಯಲಿಲ್ಲ. ಹೊಳೆಯುವ ಜಾತಿಯೇ ಅಲ್ಲ ಅವಳದು.

ಮೊದಲು ನೀರು ತುಂಬಿ ಹಾಳೆಯ ಮೇಲಿಟ್ಟು ಮಧ್ಯಾಹ್ನದವರೆಗೆ ಎದುರಿಗೆ ಕೂತಳು. ಅಂಗಡಿಗೆ ಹೊಟ್ಟೆನೋವು ಎಂದು ಫೋನು ಮಾಡಿದ್ದಾಯಿತು. ಒಂದು ತೊಟ್ಟೂ ಸೋರಲಿಲ್ಲ. ಸಾಮಾನ್ಯರಾದರೆ ಇಲ್ಲಿಗೆ ಸಮಾಧಾನಪಟ್ಟುಕೊಳ್ಳುತ್ತಿದ್ದರು. ಲವೀನಾ, ಬಿರುಕು ಮಾನವಂತ ಮನೆತನದ್ದು, ಗುಟ್ಟು ಹೊರಗೆ ಬಿಡುತ್ತಿಲ್ಲ, ಅಂದುಕೊಂಡಳು. ಉಗುರು ಆಡಿಸಿ ನೋಡಿದಳು. ಗೆರೆ ಉಗುರಿಗೆ ತಡೆಯುತ್ತಿತ್ತು, ಸಣ್ಣ ದಾರ ಅಂಟಿಸಿದ ಹಾಗೆ ಉಬ್ಬಿತ್ತು. 'ಅಯ್ಯೋ, ಆಗಲೇ ಊದಿಕೊಂಡಿದೆ' ಎಂದು ಮರುಗಿದಳು.

ಗುರುವಾರ ತಿರುಗಿಸಿ ನೋಡಿದರೆ ಇನ್ನೊಂದು ಗೆರೆ. ಅದರಾಚೆ ಮತ್ತೊಂದು. ಬಿರುಕು ಮರಿ ಹಾಕಿತ್ತು. ಇನ್ನು ಸುಮ್ಮನಿದ್ದರೆ ಭಾನುವಾರದ ಹೊತ್ತಿಗೆ ಚೂರು ಮಾತ್ರ ಉಳಿಯುತ್ತದೆ ಎಂದು, ವಿನೀತಾಳ ಡ್ರಾಯರಿನಿಂದ ಬಣ್ಣವಿಲ್ಲದ ನೇಲ್ ಪಾಲಿಶ್ ತೆಗೆದು ಮೂರು ಗೆರೆಗೂ ನಾಜೂಕಾಗಿ ಬಳಿದು, ಆರಲೆಂದು ಊದಿ, ಅಂಗಿ ತೊಡಿಸಿದಳು. ಸಂಜೆ ಜಪಸರ ಹಿಡಿದು ಕೂತಿದ್ದ ಅಜ್ಜಿ ತಲೆಯೆತ್ತಿ, "ಏನೇ, ಅದು ಹೆಂಗಿದೆ?" ಎಂದು ಕೇಳಿದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. "ಚೆನ್ನಾಗಿದೆ ಅಜ್ಜಿ. ಅಂಗಿ ಬಿಚ್ಚೇ ಇಲ್ಲ," ಎಂದಳು ಲವೀನಾ.

ಅಜ್ಜಿ ಅವಳನ್ನೇ ಒಂದು ಗಳಿಗೆ ನೋಡಿ, ಮತ್ತೆ ಜಪಸರಕ್ಕೆ ಕಣ್ಣಿಳಿಸಿದರು.

ಶುಕ್ರವಾರ ಅಂಗಡಿಯಲ್ಲಿ ಅವಳ ಬಾಯಿ ಬಿಡಿಸಿದವಳು ಪಕ್ಕದ ಕಂಪ್ಯೂಟರಿನ ರಕ್ಷಿತಾ. ಎಲ್ಲ ಕೇಳಿಸಿಕೊಂಡು, "ಮೂರು ಬಿರುಕಾ? ಅಳತೆ ಇಟ್ಟಂಗೆ ಸಮ ಅಂತರದಲ್ಲಿ?" ಎಂದಳು.

"ಹೂಂ."

"ಬಿರುಕಿಗೆ ಸ್ಕೇಲು ಕೊಟ್ಟೋರು ಯಾರೇ? ನಮ್ಮಪ್ಪ ಮೂವತ್ತು ವರ್ಷ ಕಾಲೇಜು ಲ್ಯಾಬಿನಲ್ಲಿ ಗಾಜು ಊದಿ ಸಾಮಾನು ಮಾಡ್ತಿದ್ರು. ನಾಳೆ ತಗೊಂಡ್ಬಾ."

ಶನಿವಾರ ಬೆಳಿಗ್ಗೆ ಡಿಕ್ಯಾಂಟರನ್ನು ಎರಡು ಟವೆಲು, ಒಂದು ಸ್ವೆಟರಿನಲ್ಲಿ ಸುತ್ತಿ, ಕುಕ್ಕರಿನ ಡಬ್ಬಿಯಲ್ಲಿಟ್ಟು, ತೊಡೆಯ ಮೇಲೆ ಹಸುಗೂಸಿನ ಹಾಗೆ ಹಿಡಿದು, ರಕ್ಷಿತಾಳ ಮನೆಯಿದ್ದ ಶ್ರೀರಾಂಪುರದ ಬಸ್ಸಿನಲ್ಲಿ ಕೂತಳು. ಪ್ರತಿ ರಸ್ತೆಯುಬ್ಬಿಗೂ ಕಣ್ಣು ಮುಚ್ಚುತ್ತಿದ್ದವಳನ್ನು ಕಂಡು ಪಕ್ಕದ ಹೆಂಗಸು, "ಏನಮ್ಮ, ಒಳಗೆ ಬೆಕ್ಕಿನ ಮರಿನಾ?" ಎಂದು ವಿಚಾರಿಸಿದರು.

ರಕ್ಷಿತಾಳ ತಂದೆ ಮಹದೇವಪ್ರಸಾದ್ ಹಣೆಗೆ ವಿಭೂತಿ ಇಟ್ಟು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಜಗಲಿಯ ಬಿಸಿಲಿನಲ್ಲಿ ಡಿಕ್ಯಾಂಟರನ್ನು ಕೈಗೆತ್ತಿಕೊಂಡರು. ಅಂಗಿ ಬಿಚ್ಚಿದರು. ಮೂಸಿದರು.

"ಇದೇನಮ್ಮ, ಉಗುರು ಬಣ್ಣದ ವಾಸ್ನೆ?"

"ಬಿರುಕು ಇನ್ನೂ ಜಾಸ್ತಿ ಆಗ್ಬಾರ್ದು ಅಂತ, ಅಂಕಲ್..."

"ಸರಿ ಬುಡು. ಪಾಪ, ಇದ್ಕೂ ಮೇಕಪ್ಪು." ಒಳಗಿನಿಂದ ಅಸಿಟೋನ್ ಸೀಸೆ ತಂದು, ಹತ್ತಿಯಲ್ಲಿ ಅದ್ದಿ ಮೂರು ಗೆರೆಯನ್ನೂ ಒರೆಸಿ, ಉಗುರು ಆಡಿಸಿದರು. "ಬಿರುಕಾದ್ರೆ ಗಾಜಿನ ಒಳಗಿರ್ತದೆ. ಇದು ಹೊರಕ್ಕೆ ಉಬ್ಬಿದೆ. ಉಬ್ಬಿರೋ ಬಿರುಕು ಎಲ್ಲಾದ್ರೂ ನೋಡಿದ್ಯೇನಮ್ಮ?"

"ಊದ್ಕೊಂಡಿದೆ ಅಂದ್ಕೊಂಡೆ."

ರಕ್ಷಿತಾ ಗೋಡೆಯ ಕಡೆ ತಿರುಗಿ ನಿಂತಳು. ಅವಳ ಬೆನ್ನು ಕುಲುಕುತ್ತಿತ್ತು.

"ಗಿರಿಜಾ," ಎಂದು ಮಹದೇವಪ್ರಸಾದ್ ಒಳಗೆ ಕೂಗಿದರು, "ಆ ಸಕ್ಕರೆ ಅಚ್ಚಿನ ಮರ ಒಂದು ತಗೊಂಬಾ."

ಅವರ ಹೆಂಡತಿ ಗಿರಿಜಾಂಬಾ ಸೆರಗಿಗೆ ಕೈ ಒರೆಸುತ್ತ ಬಂದು, ಎಣ್ಣೆ ಹಿಡಿದು ಕಪ್ಪಾದ ಮರದ ತುಂಡುಗಳೆರಡನ್ನು ಕೊಟ್ಟರು. ಎರಡನ್ನೂ ಜೋಡಿಸಿದರೆ ಒಳಗೆ ಗಿಣಿಯ ಆಕಾರದ ಟೊಳ್ಳು. ಸಂಕ್ರಾಂತಿಗೆ ಸಕ್ಕರೆ ಪಾಕ ಹೊಯ್ಯುವ ಅಚ್ಚು. ಜೊತೆಗೆ ಡಬ್ಬದ ತಳದಲ್ಲಿ ಉಳಿದಿದ್ದ ಒಂದು ಸಕ್ಕರೆ ಗಿಣಿಯನ್ನೂ ತಂದಿದ್ದರು.

"ನೋಡು, ಕೊಕ್ಕಿಂದ ಬಾಲದ ತನಕ ಬೆನ್ನ ಮೇಲೆ ಏನಿದೆ?"

ಒಂದು ಗೆರೆ ಇತ್ತು. ಎರಡು ತುಂಡು ಮರ ಕೂಡುವ ಕಡೆ ಪಾಕ ಸಂದಿಗೆ ನುಗ್ಗಿ ನಿಂತ ಗೆರೆ. ಲವೀನಾ ಹುಟ್ಟಿದಾಗಿನಿಂದ ನೆರೆಮನೆಯವರು ಎಳ್ಳಿನ ಜೊತೆ ಕೊಟ್ಟ ಸಕ್ಕರೆ ಅಚ್ಚು ತಿಂದವಳು. ಬಾಯಿಗೆ ಹಾಕಿಕೊಳ್ಳುವಾಗ ಆ ಗಿಣಿ ಯಾವ ದ್ವೀಪದ್ದು ಎಂದು ಯೋಚಿಸಿದ್ದಳೇ ಹೊರತು ಬೆನ್ನು ನೋಡಿರಲಿಲ್ಲ.

"ಇದು ಎರಡು ತುಂಡಿನ ಅಚ್ಚು. ನಿಂದು ಮೂರು ತುಂಡಿಂದು. ಅದಕ್ಕೆ ಮೂರು ಗೆರೆ. ಯಾರೂ ಒಡ್ದಿಲ್ಲ ಕಣಮ್ಮ. ಹುಟ್ಟಿದಾಗಿಂದ ಇದೆ."

ಲವೀನಾ ಜಗಲಿಯ ಮೇಲೆ ಕೂತುಬಿಟ್ಟಳು. ಗಿರಿಜಾಂಬಾ ಮಜ್ಜಿಗೆ ಕೊಟ್ಟರು. ಅರ್ಧ ಲೋಟ ಕುಡಿಯುವಷ್ಟರಲ್ಲಿ ಇನ್ನೊಂದು ಭಯ ಹುಟ್ಟಿತು.

"ಅಂಕಲ್, ಅಚ್ಚು ಅಂದ್ರೆ... ಈ ವಜ್ರ ಎಲ್ಲಾ ಕೆತ್ತಿದ್ದು ತಾನೆ?"

ಮಹದೇವಪ್ರಸಾದ್ ಒಂದು ತಂತಿಯ ತುದಿಗೆ ಹತ್ತಿ ಸುತ್ತಿ, ಬಗ್ಗಿಸಿ, ಕತ್ತಿನೊಳಗೆ ಇಳಿಸಿದರು. "ಹಿಡ್ಕೊಂಡು ಮೆತ್ತಗೆ ಎಳಿ. ಏನು ಗೊತ್ತಾಗ್ತದೆ?"

"ಹಳ್ಳ ದಿಣ್ಣೆ, ಹಳ್ಳ ದಿಣ್ಣೆ."

"ಹೊರಗೆ ಉಬ್ಬಿರೋ ಕಡೆ ಒಳಗೆ ಹಳ್ಳ. ಚಕ್ರದಲ್ಲಿ ಕೆತ್ತಿದ ಗಾಜಾದ್ರೆ ಒಳಮೈ ನುಣ್ಣಗಿರ್ತದೆ. ಇದು ಊದಿದ್ದು. ಕಬ್ಬಿಣದ ಕೊಳವೆ ತುದಿಗೆ ಕಾದ ಗಾಜು ಸುತ್ಕೊಂಡು, ಜೇನಿನಂಗೆ ತೊಟ್ಟಿಕ್ತಿರುವಾಗ್ಲೇ ಕಬ್ಬಿಣದ ಅಚ್ಚಿನೊಳಗೆ ಇಳ್ಸಿ ಊದೋದು. ಗಾಜು ಎಲ್ಲಾ ಮೂಲೆಗೂ ಹೋಗಿ ಕೂತ್ಕತದೆ. ಅಚ್ಚು ಬಿಚ್ಚಿದ್ರೆ ಮೈಯೆಲ್ಲಾ ವಜ್ರ." ಅವರು ಡಿಕ್ಯಾಂಟರನ್ನು ತಲೆಕೆಳಗು ಮಾಡಿ ತಳದ ನಡುವಿನ ಒರಟು ಗಾಯ ತೋರಿಸಿದರು. "ಆಮೇಲೆ ಇಲ್ಲೊಂದು ಸಲಾಕೆ ಅಂಟಿಸಿ ಹಿಡ್ಕೊಂಡು, ಕೊಳವೆ ಬಿಡ್ಸಿ, ಬಾಯಿ ತಿದ್ದಿ, ಕತ್ತಿಗೆ ಬಿಸಿ ಗಾಜಿನ ಬಳೆ ಸುತ್ತೋದು. ಕೊನೆಗೆ ಸಲಾಕೆ ಕಿತ್ತ ಗಾಯ ಇದು. ಒಲೆಯಲ್ಲಿಟ್ಟು ನಿಧಾನಕ್ಕೆ ಆರಿಸಬೇಕು, ಇಲ್ದಿದ್ರೆ ತಾನಾಗೇ ಸೀಳ್ತದೆ. ಮುಚ್ಚಳ ಮಾತ್ರ ಮರಳುಪುಡಿ ಹಾಕಿ ಈ ಬಾಯಿಗೇ ಉಜ್ಜಿ ಕೂರ್ಸಿರ್ತಾರೆ, ಬೇರೆದಕ್ಕೆ ಕೂರಲ್ಲ."

"ಹಂಗಾದ್ರೆ ಒಂದು ವರ್ಷ ಕೆಲಸ ಹಿಡ್ದಿರಲ್ವಾ?"

"ಒಂದು ವರ್ಷ? ನೀನು ಈ ಮಜ್ಜಿಗೆ ಕುಡ್ದು ಮುಗ್ಸೋದ್ರಲ್ಲಿ ಒಂದು. ಕೆತ್ತಿದ್ದು ಸಾಹುಕಾರರಿಗೆ. ಅದನ್ನ ಕೊಳ್ಳೋಕಾಗ್ದೋರಿಗೆ ಅದೇ ತರ ಕಾಣ್ಲಿ ಅಂತ ಇದು."

"ಅಂದ್ರೆ ನಕಲಿ."

"ನಕಲಿ ಯಾಕಂತೀಯ, ಅಗ್ಗದ್ದು ಅನ್ನು. ನೂರೈವತ್ತು, ಇನ್ನೂರು ವರ್ಷದ್ದು ಇರಬೌದು, ನಾನು ಖಚಿತ ಹೇಳಲಾರೆ. ನಾನು ಲ್ಯಾಬಿನ ಗಾಜಿನೋನು. ಆದ್ರೆ ಊದೋದು ಗೊತ್ತು. ಇದು ಇಬ್ಬರ ಕೆಲ್ಸ ಕಣಮ್ಮ. ಊದೋನು ನಿಂತಿರ್ತಾನೆ, ಅಚ್ಚು ತೆಗ್ದು ಮುಚ್ಚೋರು ಕೆಳಗೆ ಕೂತಿರ್ತಾರೆ. ಒಳಗೆ ಏನಾಗ್ತಿದೆ ಅಂತ ಊದೋನಿಗೆ ಕಾಣ್ಸಲ್ಲ. ಬೇಗ ತೆಗುದ್ರೆ ಗಾಜು ಜೋತಾಡ್ತದೆ, ತಡ ಮಾಡುದ್ರೆ ಅಚ್ಚಿಗೇ ಕಚ್ಕತದೆ."

ಲವೀನಾ ಕೊನೆಯ ಆಸೆಯಿಂದ ಕೆಳಸಾಲಿನ ಎರಡು ಮಸುಕು ವಜ್ರಗಳ ಮೇಲೆ ಬೆರಳಿಟ್ಟಳು. "ಇವೆರಡು?"

ಅವರು ಕನ್ನಡಕ ಏರಿಸಿ ನೋಡಿದರು. "ಅಚ್ಚು ಅಲ್ಲಿ ಸವೆದಿದೆ. ಅಷ್ಟೇ. ಸವೆದ ಮೇಲೆ ಆ ಅಚ್ಚಿಂದ ಬಂದ ಎಲ್ಲಾದ್ರಲ್ಲೂ ಇದೇ ಜಾಗದಲ್ಲಿ ಹಿಂಗೇ ಇರ್ತದೆ. ನೂರಿರ್ಲಿ, ಇನ್ನೂರಿರ್ಲಿ."

ವಾಪಸು ಬಸ್ಸಿನಲ್ಲಿ ಲವೀನಾ ರಸ್ತೆಯುಬ್ಬಿಗೆ ಕಣ್ಣು ಮುಚ್ಚಲಿಲ್ಲ. ಹತ್ತೊಂಬತ್ತು ವರ್ಷ ತಾನು ಅತ್ತದ್ದು ಸವೆದ ಕಬ್ಬಿಣಕ್ಕೆ. ಎಲ್ಲೆಲ್ಲೋ ಇರುವ ಇನ್ನೂರು ಡಿಕ್ಯಾಂಟರುಗಳು ಅವಳ ಕಣ್ಣೆದುರು ಸಾಲಾಗಿ ನಿಂತವು. ಅಷ್ಟಕ್ಕೂ ಅದೇ ಜಾಗದಲ್ಲಿ ಅದೇ ಎರಡು ಹನಿ ಕಣ್ಣೀರು. ಪಾಪ, ಆ ಪ್ರೇಮಿ ಅಳುವುದರಲ್ಲೂ ಎಷ್ಟು ಕಟ್ಟುನಿಟ್ಟು.

ಬೇಸರವೆಂದರೆ, ಇದನ್ನು ಅಜ್ಜಿಗೆ ಹೇಳುವುದು ಹೇಗೆ? ಬಿರುಕಿನ ಸುದ್ದಿಯಾದರೆ ಒಂದು ಪಾತ್ರೆ ಹೋಯಿತು ಅಂತ. ಈ ಸುದ್ದಿಗೆ ಪಾತ್ರೆ ಉಳಿಯುತ್ತದೆ, ಅಜ್ಜಿಯ ಕತೆ ಹೋಗುತ್ತದೆ. ಕತೆಯಿಲ್ಲದ ಪುಷ್ಪಮೇರಿಯವರನ್ನು ಲವೀನಾ ಊಹಿಸಲಾರಳು. ಹಳೆಯ ಕತೆಯನ್ನೇ ಹೇಳಿಬಿಡುವುದು, ಶ್ರೀರಾಂಪುರದಲ್ಲಿ ಕೇಳಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದು ಎಂದು ತೀರ್ಮಾನಿಸಿದಳು. ಲವೀನಾಳ ತೀರ್ಮಾನಗಳು ಸಾಮಾನ್ಯವಾಗಿ ಬಹಳ ಗಟ್ಟಿ. ಮುಂದಿನ ದಿನದ ತನಕ.

ಭಾನುವಾರ ಚರ್ಚಿನ ಪೂಜೆ ಮುಗಿಸಿಕೊಂಡು ಬೀಗರು ಬಂದರು. ಹುಡುಗ ಅಲೆಕ್ಸ್, ಹುಡುಗನ ತಂದೆ ಅಮಲದಾಸ್, ತಾಯಿ, ನಾಲ್ಕಾರು ನೆಂಟರು. ಅಮಲದಾಸ್ ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು, ಗಡಿಯಾರ ನೋಡುವ ಅಭ್ಯಾಸ ಇನ್ನೂ ಬಿಟ್ಟಿರಲಿಲ್ಲ. ಫಾದರ್ ಬಂದು ಆಶೀರ್ವಾದ ಮಾಡಿ ಇನ್ನೊಂದು ಮನೆಗೆ ಹೊರಟುಹೋದ ಮೇಲೆ, ಹುಡುಗನ ತಾಯಿಯನ್ನು ಲವೀನಾಳ ಅಮ್ಮ ಒಳಗೆ ಸೀರೆ ತೋರಿಸಲು ಕರೆದೊಯ್ದರು. ಉಳಿದವರು ಹಜಾರದಲ್ಲಿ ಕೂತರು. ಪುಷ್ಪಮೇರಿಯವರು ತಮ್ಮ ಬೆತ್ತದ ಕುರ್ಚಿಯಿಂದ ಎದ್ದು, ಅದನ್ನು ಲವೀನಾಳಿಗೆ ಬಿಟ್ಟುಕೊಟ್ಟು, ತಾವು ಪಕ್ಕದ ಸ್ಟೂಲಿನ ಮೇಲೆ ಕೂತರು. ಮೇಜಿನ ಮೇಲೆ ಅಂಗಿ ತೊಟ್ಟ ಡಿಕ್ಯಾಂಟರ್, ಒಳಗೆ ಕೆಂಪು ವೈನು, ಪಕ್ಕದಲ್ಲಿ ಒಂದೇ ಲೋಟ.

"ನಮ್ಮನೇಲಿ ಒಂದು ಪದ್ಧತಿ," ಎಂದರು ಅಜ್ಜಿ. "ನಮ್ಮ ಹುಡುಗಿ ಹೇಳ್ತಾಳೆ. ಸ್ವಲ್ಪ ಅಳು ಬತ್ತದೆ, ಕರ್ಚೀಪು ಇಟ್ಕೊಳಿ."

ಲವೀನಾ ಶುರುಮಾಡಿದಳು. ಸಮುದ್ರ ದಾಟಿದಳು, ಊರು ಕಟ್ಟಿದಳು, ಕಿಟಕಿ ತೆರೆದಳು. ಸ್ವರ ಚೆನ್ನಾಗಿ ಬಂತು. ಅಲೆಕ್ಸ್ ಬಾಯಿ ತೆರೆದು ಕೇಳುತ್ತಿದ್ದ. "ಕೊನೇ ಸಾಲಿಗೆ ಬಂದಾಗ ಅವನ ಕಣ್ಣಿಂದ ಒಂದು ಹನಿ..." ಎಂದು, ಅಜ್ಜಿಯ ಹಾಗೆಯೇ ಡಿಕ್ಯಾಂಟರನ್ನೆತ್ತಿ ಮಸುಕು ವಜ್ರದ ಮೇಲೆ ಬೆರಳಿಟ್ಟಳು. ಆಗ ಆ ಇನ್ನೂರು ಡಿಕ್ಯಾಂಟರು ಮತ್ತೆ ಸಾಲಾಗಿ ಬಂದು ನಿಂತವು. ಕಬ್ಬಿಣದ ಅಚ್ಚೊಂದು ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ, ಮಜ್ಜಿಗೆ ಲೋಟಕ್ಕೊಂದರಂತೆ ಅಳುತ್ತಿತ್ತು.

ಲವೀನಾ ನಕ್ಕುಬಿಟ್ಟಳು. ಸಣ್ಣ ನಗುವಲ್ಲ. ತಡೆಯಲು ಹೋದಷ್ಟೂ ಮೂಗಿನಿಂದ ಬರುವ ಜಾತಿಯದು. ಕರವಸ್ತ್ರ ಸಿದ್ಧವಿಟ್ಟುಕೊಂಡಿದ್ದ ನೆಂಟರೊಬ್ಬರು ಅದನ್ನು ಮಡಚಿ ಜೇಬಿಗಿಟ್ಟರು. ವಿನೀತಾ ಕಣ್ಣಲ್ಲೇ ತಂಗಿಯನ್ನು ಸುಟ್ಟಳು.

"ಏನಾಯ್ತಮ್ಮ?" ಎಂದರು ಅಮಲದಾಸ್.

"ಅಳೋ ಜಾಗದಲ್ಲಿ ನಗ್ತಿದಾಳೆ," ಎಂದರು ಅಜ್ಜಿ, ಕಲ್ಲಿನಂಥ ಮುಖ ಮಾಡಿಕೊಂಡು.

ಇನ್ನು ಹೇಳದೆ ದಾರಿಯಿರಲಿಲ್ಲ. "ಅಜ್ಜಿ, ಇದನ್ನ ಯಾರೂ ಕೆತ್ತಿಲ್ಲ. ಅಚ್ಚಲ್ಲಿ ಊದಿದ್ದು. ನಾನು ಬಿಸಿನೀರು ಹಾಕ್ಬುಟ್ಟೆ. ಅಂಗಿನೂ ಬಿಚ್ಚಿದೆ. ಉದ್ದಕ್ಕೆ ಬಿರುಕು ಕಾಣಿಸ್ತು. ನಾನೇ ಒಡೆದೆ ಅಂತ ನೇಲ್ ಪಾಲಿಶ್ ಹಚ್ಚಿದೆ. ನಿನ್ನೆ ಶ್ರೀರಾಂಪುರಕ್ಕೆ ಹೋಗಿ ತೋರ್ಸಿದ್ರೆ, ಅದು ಬಿರುಕೇ ಅಲ್ವಂತೆ. ಅಚ್ಚಿನ ತುಂಡು ಕೂಡೋ ಗೆರೆಯಂತೆ. ಹುಟ್ಟಿದಾಗಿಂದ ಇದೆಯಂತೆ."

"ನನ್ನ ನೇಲ್ ಪಾಲಿಶಾ?" ಎಂದಳು ವಿನೀತಾ.

ಪುಷ್ಪಮೇರಿಯವರು ಸ್ಟೂಲನ್ನು ಮೇಜಿನ ಹತ್ತಿರ ಎಳೆದುಕೊಂಡರು. ಡಿಕ್ಯಾಂಟರಿನ ಅಂಗಿಯ ದಾರವನ್ನು ತಾವೇ ಬಿಚ್ಚತೊಡಗಿದರು. ಊದಿದ ಬೆರಳಿಗೆ ಗಂಟು ಬಿಡಿಸಲು ಬಹಳ ಹೊತ್ತು ಹಿಡಿಯಿತು. ಯಾರೂ ನೆರವಿಗೆ ಹೋಗಲು ಧೈರ್ಯ ಮಾಡಲಿಲ್ಲ. ಬೀಗರೆದುರು ಬರಿಮೈಯಲ್ಲಿ ನಿಂತ ಗಾಜಿನ ಮೇಲೆ ಬೆರಳಾಡಿಸಿ, ನೇರವಾಗಿ ಒಂದು ಗೆರೆಗೆ ಬಂದು ನಿಲ್ಲಿಸಿದರು. ಹುಡುಕಲಿಲ್ಲ. ಎಲ್ಲಿದೆ ಎಂದು ಆ ಬೆರಳಿಗೆ ಗೊತ್ತಿತ್ತು.

"ಇದು ಬಿರುಕಲ್ವಾ?"

"ಅಲ್ಲ ಅಜ್ಜಿ. ಸುತ್ತ ಇಂಥವು ಮೂರಿವೆ. ಅಳತೆ ಇಟ್ಟಂಗೆ."

"ನಾನು ಒಂದೇ ನೋಡಿದ್ದು. ಆಮೇಲೆ ನೋಡೋಕೆ ಧೈರ್ಯ ಆಗ್ಲಿಲ್ಲ." ಅಜ್ಜಿ ಗೆರೆಯನ್ನು ಇನ್ನೊಮ್ಮೆ ಸವರಿದರು. "ಮದುವೆಯಾಗಿ ಬಂದ ವರ್ಷ ತೊಳೆಯುವಾಗ ನಲ್ಲಿಗೆ ತಗುಲಿಸ್ಬುಟ್ಟೆ. ನಮ್ಮತ್ತೆಗೆ ಹೇಳ್ಲಿಲ್ಲ. ಐವತ್ತೆರಡು ವರ್ಷ ಕಣೇ. ಯಾರಿಗೂ ಕಾಣ್ದಿರ್ಲಿ ಅಂತ ಅಂಗಿ ಹೆಣ್ದೆ. ಒಡೆದ ಪಾತ್ರೇಲಿ ಎಷ್ಟು ಜನರ ಮಾತು ಕಟ್ಟಿಸ್ದೆ ಅಂತ ಮೂರು ಫಾದರ್ ಹತ್ರ ಪಾಪನಿವೇದನೆ ಮಾಡಿದೀನಿ. ಒಬ್ಬರು ಕ್ಷಮಿಸಿದ್ದು ಸಾಕಾಗಲ್ಲ ಅಂತ ಇನ್ನೊಬ್ಬರ ಹತ್ರ."

ಧೂಳಿನ ಅಂಗಿ, ಮುಚ್ಚಿದ ಅಡುಗೆಮನೆಯ ಬಾಗಿಲು, ಭಕ್ತಿ, ಎಲ್ಲವೂ ಲವೀನಾಳ ತಲೆಯಲ್ಲಿ ಮಗುಚಿ ಬಿದ್ದವು. ಹುಚ್ಚು ತನ್ನಲ್ಲೇ ಶುರುವಾದದ್ದು ಅಂದುಕೊಂಡಿದ್ದಳು. ಅದಕ್ಕೂ ವಂಶವಿತ್ತು.

ಅಜ್ಜಿಯ ಹೆಗಲು ಅಲುಗಿತು. ಅಳುತ್ತಿದ್ದಾರೆಂದು ಅಲೆಕ್ಸ್ ಅರ್ಧ ಎದ್ದ. ಅವರು ನಗುತ್ತಿದ್ದರು, ಮೂಗಿನಿಂದ ಬರುವ ಅದೇ ನಗು. "ಮೂರು ಜನ ಫಾದರು," ಎನ್ನುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು. "ಒಬ್ಬರಂತೂ ಉಪವಾಸ ಬೇರೆ ಮಾಡ್ಸಿದ್ರು."

"ಅಮ್ಮಾ, ವೈನು," ಎಂದು ಅಮಲದಾಸ್ ಗಡಿಯಾರದ ಕಡೆ ನೋಡಿದರು. ಉಂಗುರಕ್ಕೆ ಗೊತ್ತುಮಾಡಿದ ಹೊತ್ತು ಸಮೀಪಿಸಿತ್ತು.

"ಕತೆ ಆಗ್ದೆ ಬಗ್ಸಂಗಿಲ್ಲ," ಎಂದರು ಅಜ್ಜಿ. "ಲವಿ, ಹೇಳು."

"ಯಾವುದು?"

"ಆ ಕೆತ್ತೋನು ಹೋದ್ನಲ್ಲ. ಈಗಿರೋದು ಹೇಳು."

ಲವೀನಾ ಹೇಳಿದಳು. ಕೆಟ್ಟದಾಗಿ ಹೇಳಿದಳು. ಕೊಳವೆ, ಕಾದ ಗಾಜು, ಮೂರು ತುಂಡು, ಸಲಾಕೆ, ಒಲೆ ಎಂದು ಹೈಸ್ಕೂಲಿನ ವಿಜ್ಞಾನದ ಉತ್ತರದ ಹಾಗೆ ಒಪ್ಪಿಸಿದಳು. ಅಮಲದಾಸ್ ಆಕಳಿಸಿದರು. "ಆಮೇಲೆ ಅಚ್ಚು ಬಿಚ್ಚುತಾರೆ," ಎಂದು ನಿಂತುಬಿಟ್ಟಳು.

"ಬಿಚ್ಚೋರು ಯಾರು?" ಎಂದರು ಅಜ್ಜಿ.

"ಯಾರೋ ಒಬ್ಬರು. ಕೆಳಗೆ ಕೂತಿರ್ತಾರಂತೆ. ಹೆಸರು ಗೊತ್ತಿಲ್ಲ ಅಜ್ಜಿ."

"ಗೊತ್ತಿಲ್ಲ ಅಂತ ನಿಲ್ಸೋಕೆ ಇದೇನು ಕೋರ್ಟಾ? ಯಾರು ಅಂತ ಯೋಚ್ನೆ ಮಾಡು."

ಲವೀನಾ ಯೋಚಿಸಿದಳು. ಅವಳಿಗೆ ಬರುತ್ತಿದ್ದದ್ದು ಅದೊಂದೇ ಕೆಲಸ.

"ಅವನ ಹೆಂಡತಿ," ಎಂದಳು. "ಅವನು ನಿಂತು ಊದ್ತಿದ್ದ. ಅವಳು ಕೆಳಗೆ ಕೂತು ಅಚ್ಚು ಹಿಡ್ಕೊಂಡಿದ್ಲು. ಗಾಜು ಒಳಗೆ ಹೋದ್ಮೇಲೆ ಅವನಿಗೆ ಏನೂ ಕಾಣ್ಸಲ್ಲ. ಅವನು ಬರೀ ಉಸಿರು ಕೊಡಬೇಕು. ಬೇಗ ತೆಗುದ್ರೆ ಜೋತಾಡ್ತದೆ, ತಡ ಆದ್ರೆ ಕಚ್ಕತದೆ. ಯಾವಾಗ ತೆಗೀಬೇಕು ಅಂತ ಅವಳ ಕೈಗೆ ಗೊತ್ತು. ಬಾಯಲ್ಲಿ ಕೊಳವೆ ಇರೋದ್ರಿಂದ ಅವನು ಕೇಳೋ ಹಂಗಿಲ್ಲ. ಅವನ ಕಣ್ಣು ಬೆವರಲ್ಲಿ ಮುಚ್ಚಿರೋದ್ರಿಂದ ಅವಳು ತಲೆಯಾಡ್ಸಿದ್ರೂ ಉಪಯೋಗ ಇಲ್ಲ. ಇಬ್ಬರೂ ಸುಮ್ನೆ ನಂಬ್ಕೊಂಡು ಮಾಡ್ಬೇಕು. ಹಂಗೆ ದಿನಾ. ಹಂಗೆ ಇನ್ನೂರು."

ಅಲೆಕ್ಸ್ ವಿನೀತಾಳ ಕಡೆ ನೋಡಿದ. ವಿನೀತಾ ಫೋನು ಕೆಳಗಿಟ್ಟಿದ್ದಳು.

"ಇನ್ನೂರಾ?" ಅಮಲದಾಸ್ ನೆಟ್ಟಗೆ ಕೂತರು. "ಮಿಕ್ಕಿದ್ದೆಲ್ಲಾ ಎಲ್ಲಿ?"

"ಒಡೆದು ಹೋಗಿರ್ತವೆ," ಎಂದರು ಅಜ್ಜಿ, ಲವೀನಾ ಬಾಯಿ ತೆರೆಯುವ ಮೊದಲೇ. "ನಲ್ಲಿಗೆ ತಗುಲ್ಸಿ ತಲೆ ಕೆಡಿಸ್ಕೊಳ್ದೋರ ಮನೇಲಿ ಒಡೆದವೆ. ಹೆದ್ರಿಕೊಂಡು ಕಾಪಾಡ್ದೋರ ಮನೇಲಿ ಉಳ್ದದೆ. ಬಗ್ಸೇ."

ಲವೀನಾ ಎರಡೂ ಕೈಯಲ್ಲಿ ಎತ್ತಿ ಬಗ್ಗಿಸಿದಳು. ಒಂದಿಷ್ಟು ವೈನು ಅಮಲದಾಸರ ಬಿಳಿ ಪಂಚೆಯ ಮೇಲೂ ಬಿತ್ತು. ಅವರು ಅದನ್ನು ಗಮನಿಸಿದಂತೆ ಕಾಣಲಿಲ್ಲ. ಲೋಟ ಅಜ್ಜಿಯಿಂದ ಅಮಲದಾಸರಿಗೆ, ಅವರಿಂದ ಲವೀನಾಳ ಅಪ್ಪನಿಗೆ ಹೋಯಿತು.

"ಪರ್ವಾಗಿಲ್ಲ," ಎಂದರು ಅಜ್ಜಿ ಅವಳ ಕಿವಿಯಲ್ಲಿ. "ಆ ಸಲಾಕೆ ಗಿಲಾಕೆ ಕಮ್ಮಿ ಮಾಡು. ನಿನ್ನ ಬೀರುನಲ್ಲೇ ಇಟ್ಕೊ."

ಅಷ್ಟರಲ್ಲಿ ಅಲೆಕ್ಸನ ತಾಯಿ ಸೀರೆಯ ಪೆಟ್ಟಿಗೆ ಹಿಡಿದು ಒಳಗಿನಿಂದ ಬಂದರು. ಲೋಟ ಅವರ ಕೈಗೆ ಬಂತು. ಬಾಯಿಗೆ ಹಿಡಿಯುವುದರಲ್ಲಿದ್ದರು, ಅಮಲದಾಸ್ ತಡೆದರು.

"ಇರು ಇರು. ಕತೆ ಕೇಳ್ದ್ಮೇಲೆ ಕುಡೀಬೇಕಂತೆ. ಲವೀನಾ, ಅಚ್ಚು ಹಿಡ್ಕೊಂಡಿದ್ಳಲ್ಲ ಆಯಮ್ಮ, ಅವಳ ವಿಷಯ ಇನ್ನೊಂದ್ಸಲ ಹೇಳಮ್ಮ. ಇವಳು ಕೇಳ್ಲಿ."

"ಟೈಮಾಗ್ತದೆ ಅಪ್ಪ," ಎಂದ ಅಲೆಕ್ಸ್.

"ಆಗ್ಲಿ ಬುಡೋ."

ಲವೀನಾ ಬೆತ್ತದ ಕುರ್ಚಿಯಲ್ಲಿ ಮತ್ತೆ ಕೂತು ಮೊದಲಿನಿಂದ ಶುರುಮಾಡಿದಳು. ಸಲಾಕೆ ಬಿಟ್ಟಳು, ಒಲೆಯನ್ನು ಒಂದೇ ಮಾತಿನಲ್ಲಿ ಮುಗಿಸಿದಳು. ಈ ಸಲ ಆ ಹೆಂಗಸಿನ ಎಡಗೈಯ ಮೇಲೆ ಹಳೆಯದೊಂದು ಸುಟ್ಟ ಗಾಯವಿತ್ತು. ಅದು ಎಲ್ಲಿಂದ ಬಂತೆಂದು ಲವೀನಾಳಿಗೂ ಗೊತ್ತಿರಲಿಲ್ಲ, ಆದರೆ ಹೇಗಾಯಿತೆಂದು ಹೇಳತೊಡಗಿದ್ದಳು.